ಮಂಡಿಗೂ ಸೊಪ್ಪಿಗೂ ಏನು ನಂಟು?

(ದತ್ತಿ ಉಪನ್ಯಾಸದ ಲಿಖಿತ ರೂಪ)



ಆಹಾರ ಮತ್ತು ಆರೋಗ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಅದು ಮನೆಮಂದಿಗೆಲ್ಲ ತಿಳಿಯುವ ಕನ್ನಡದಲ್ಲಿರಬೇಕು ಎಂಬುದು ಈ ದತ್ತಿಯ ಷರತ್ತು ಎಂದು ಸಂಘದ ಕಾರ್ಯದರ್ಶಿಗಳು ಹೇಳಿದರು. ಷರತ್ತು ನನಗೆ ಒಪ್ಪಿಗೆಯಾಯಿತು. ನಾನು ವೈದ್ಯಳಲ್ಲ, ಆಹಾರ ವಿಜ್ಞಾನವನ್ನು ಕಾಲೇಜಿನಲ್ಲಿ ಪಾಠ ಹೇಳಿದವಳು. ಹಾಗಾಗಿ ಇವತ್ತು ಯಾರಿಗೂ ಚಿಕಿತ್ಸೆ ಹೇಳುವುದಿಲ್ಲ. ತಟ್ಟೆಗೆ ಬರುವ ಸೊಪ್ಪಿಗೂ ನಮ್ಮ ಕೀಲುಗಳಿಗೂ ಏನು ಸಂಬಂಧ ಎಂದು ಇದುವರೆಗೆ ತಿಳಿದುಬಂದಿರುವುದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಈ ವಿಷಯದಲ್ಲಿ ನಮ್ಮ ಕಿವಿಗೆ ಬೀಳುವ ಮಾತು ಎರಡು ಬಗೆಯದು. ನುಗ್ಗೆಸೊಪ್ಪಿನ ರಸ ಕುಡಿದರೆ ಸವೆದ ಮಂಡಿ ಚಿಗುರುತ್ತದೆ ಎಂದು ಮೊಬೈಲಿನಲ್ಲಿ ಬರುವ ವಿಡಿಯೊ ಹೇಳುತ್ತದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ತಿನ್ನುವುದರಿಂದ ಏನೂ ಆಗುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಸೊಪ್ಪಿನ ಕೊರತೆಯಿಂದ ಕೀಲಿಗೆ ಕೆಡುಕಾಗಬಹುದು ಎನ್ನಲು ಆಧಾರಗಳಿವೆ. ರಾಶಿ ಸೊಪ್ಪು ತಿಂದರೆ ಕೆಟ್ಟ ಕೀಲು ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ. ಈ ಎರಡು ಮಾತಿನ ನಡುವಿನ ಅಂತರವೇ ಇಂದಿನ ನನ್ನ ಉಪನ್ಯಾಸ.

ಕೀಲುನೋವು ಒಂದೇ ರೋಗವಲ್ಲ

ಮೊದಲು ರೋಗಗಳನ್ನು ಬಿಡಿಸಿಟ್ಟುಕೊಳ್ಳೋಣ. ನಮ್ಮಲ್ಲಿ ಎಲ್ಲ ಕೀಲುನೋವಿಗೂ ‘ವಾತ’ ಎಂದು ಹೆಸರಿಟ್ಟು ಸುಮ್ಮನಾಗುವ ರೂಢಿಯಿದೆ. ಮುಖ್ಯವಾದವು ಮೂರು. ವಯಸ್ಸು, ತೂಕ, ಹಳೆಯ ಪೆಟ್ಟು ಇವುಗಳಿಂದ ಮಂಡಿ, ಬೆರಳು, ಸೊಂಟದ ಕೀಲು ಸವೆಯುವುದು ಆಸ್ಟಿಯೋ ಆರ್ಥ್ರೈಟಿಸ್. ಇದನ್ನೇ ಜನ ‘ಮೂಳೆ ಸವೆತ’ ಅನ್ನುವುದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬಿದ್ದು, ಬೆಳಗ್ಗೆ ಎದ್ದಾಗ ಕೈಬೆರಳು ಊದಿಕೊಂಡು ಮಡಚಲಾಗದಂತೆ ಮಾಡುವುದು ರುಮಟಾಯ್ಡ್ ಆರ್ಥ್ರೈಟಿಸ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅದರ ಹರಳು ಕೀಲಿನಲ್ಲಿ ಕೂತು, ಒಂದು ರಾತ್ರಿಯಲ್ಲಿ ಕಾಲಿನ ಹೆಬ್ಬೆರಳನ್ನು ಕೆಂಡದಂತೆ ಉರಿಸುವುದು ಗೌಟ್. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ. ಸೊಪ್ಪಿನ ಪಾತ್ರವೂ ಬೇರೆ ಬೇರೆ.

ಮಂಡಿಯ ಒಳಗೆ

ಎರಡು ಮೂಳೆಗಳು ಸೇರುವ ತುದಿಯಲ್ಲಿ ನುಣುಪಾದ, ಬಿಳಿಯ ಮೃದ್ವಸ್ಥಿಯ ಪದರ ಇರುತ್ತದೆ. ದೊಡ್ಡವರ ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲ. ಸುತ್ತಲಿನ ಕೀಲುದ್ರವದಿಂದಲೇ ಅದಕ್ಕೆ ಆಹಾರ ಸಿಗಬೇಕು. ನಾವು ಹೆಜ್ಜೆ ಊರಿದಾಗ ಅದು ಸ್ಪಂಜಿನ ಹಾಗೆ ಹಿಂಡಿಕೊಂಡು ನೀರು ಬಿಡುತ್ತದೆ, ಹೆಜ್ಜೆ ಎತ್ತಿದಾಗ ಹೀರಿಕೊಳ್ಳುತ್ತದೆ. ನೋವೆಂದು ದಿನವಿಡೀ ಕುರ್ಚಿಯಲ್ಲೇ ಕೂತರೆ ಈ ಹಿಂಡುವ–ಹೀರುವ ಕೆಲಸವೇ ನಿಂತುಹೋಗುತ್ತದೆ. ನಡಿಗೆಯ ಬಗ್ಗೆ ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಪದರ ಮೆತ್ತಗೇ ಇರಬೇಕು, ಸುಣ್ಣಗಟ್ಟಬಾರದು. ಸುಣ್ಣಗಟ್ಟದಂತೆ ಕಾಯುವ ಕೆಲವು ಪ್ರೋಟೀನುಗಳಲ್ಲಿ ಒಂದರ ಹೆಸರು ಮ್ಯಾಟ್ರಿಕ್ಸ್ ಜಿಎಲ್‌ಎ ಪ್ರೋಟೀನ್, ಚಿಕ್ಕದಾಗಿ ಎಂಜಿಪಿ. ಮೃದ್ವಸ್ಥಿಯ ಜೀವಕೋಶಗಳು ಇದನ್ನು ತಯಾರಿಸುತ್ತವೆ, ಆದರೆ ತಯಾರಾದ ಕೂಡಲೇ ಇದು ಕೆಲಸಕ್ಕೆ ಬರುವುದಿಲ್ಲ. ವಿಟಮಿನ್ ಕೆ ನೆರವಿನಿಂದ ಇದಕ್ಕೆ ಒಂದು ರಾಸಾಯನಿಕ ಮಾರ್ಪಾಟು ಆಗಬೇಕು; ಆಗಲೇ ಇದು ಕ್ಯಾಲ್ಸಿಯಮ್ಮನ್ನು ಹಿಡಿದು ನಿಭಾಯಿಸಬಲ್ಲದು. ಎಂಜಿಪಿಯ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಏನಾಗುತ್ತದೆ ಎಂಬುದನ್ನು 1997ರಲ್ಲಿ ವಿಜ್ಞಾನಿಗಳು ತೋರಿಸಿದರು: ಅವುಗಳ ರಕ್ತನಾಳ, ಮೃದ್ವಸ್ಥಿ ಎರಡೂ ಸುಣ್ಣಗಟ್ಟಿದವು.

ಈ ವಿಟಮಿನ್ ಕೆ ನಮಗೆ ಮುಖ್ಯವಾಗಿ ಸಿಗುವುದು ಹಸಿರು ಸೊಪ್ಪಿನಿಂದ. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟಾಗ ಅವಕ್ಕೆ ರಕ್ತಸ್ರಾವವಾದದ್ದರಿಂದ ಇದರ ಪತ್ತೆ ಶುರುವಾಯಿತು. ಅಮೆರಿಕದ ಎಡ್ವರ್ಡ್ ಡಾಯ್ಸಿ 1939ರಲ್ಲಿ ಇದನ್ನು ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪಿನಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಬ್ಬರಿಗೂ 1943ರ ನೊಬೆಲ್ ಬಂತು. ಬಹುಕಾಲ ಇದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಎಂದಷ್ಟೇ ಪಠ್ಯಪುಸ್ತಕದಲ್ಲಿತ್ತು. ಮೂಳೆಗೂ ಮೃದ್ವಸ್ಥಿಗೂ ಬೇಕು ಎಂಬುದು ಆಮೇಲೆ ಸೇರಿದ ಮಾತು.

ಜನರಲ್ಲಿ ಕಂಡದ್ದು

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ನಿಜವಾಗಬೇಕಿಲ್ಲ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರ ಆರೋಗ್ಯವನ್ನು 1948ರಿಂದ ತಲೆಮಾರುಗಳ ಉದ್ದಕ್ಕೂ ಗಮನಿಸುತ್ತ ಬಂದಿದ್ದಾರೆ. 2006ರಲ್ಲಿ ತುಹಿನಾ ನಿಯೋಗಿ ಮತ್ತು ಸಂಗಡಿಗರು ಅಲ್ಲಿಯ 672 ಜನರ ರಕ್ತದಲ್ಲಿ ವಿಟಮಿನ್ ಕೆ ಎಷ್ಟಿದೆ ಎಂದು ಅಳೆದು, ಅವರ ಕೈ ಮತ್ತು ಮಂಡಿಯ ಎಕ್ಸ್‌ರೇ ಜೊತೆ ಹೋಲಿಸಿದರು. ವಿಟಮಿನ್ ಕಡಿಮೆ ಇದ್ದವರಲ್ಲಿ ಕೀಲು ಸವೆತ ಹೆಚ್ಚು ಕಂಡಿತು. ಇಂಥ ಹೋಲಿಕೆಯಲ್ಲಿ ಒಂದು ತೊಡಕಿದೆ. ಸೊಪ್ಪು ತಿನ್ನುವವರು ಬೇರೆ ಒಳ್ಳೆಯ ಅಭ್ಯಾಸಗಳನ್ನೂ ಇಟ್ಟುಕೊಂಡಿರುತ್ತಾರೆ. ಲಾಭ ಯಾವುದರಿಂದ ಬಂತು ಎಂದು ಬಿಡಿಸಿ ಹೇಳುವುದು ಕಷ್ಟ. 2013ರಲ್ಲಿ ಬಂದ ಇನ್ನೊಂದು ಅಧ್ಯಯನ ಕಾಲಕ್ರಮವನ್ನೂ ನೋಡಿತು. ವಿಟಮಿನ್ ಕೆ ಕೊರತೆ ಇದ್ದವರ ಮಂಡಿಯಲ್ಲಿ ಮುಂದಿನ ತಿಂಗಳುಗಳಲ್ಲಿ ಹೊಸದಾಗಿ ಸವೆತ ಕಾಣಿಸಿಕೊಳ್ಳುವ ಸಂಭವ ಹೆಚ್ಚಿತ್ತು.

ಹಾಗಾದರೆ ವಿಟಮಿನ್ ಮಾತ್ರೆ ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ಕೇಳುತ್ತೀರಿ. ಅದನ್ನೂ ಮಾಡಿ ನೋಡಿದರು. ಹಿರಿಯ ವಯಸ್ಸಿನವರಿಗೆ ಮೂರು ವರ್ಷ ದಿನಕ್ಕೆ 500 ಮೈಕ್ರೋಗ್ರಾಂ ವಿಟಮಿನ್ ಕೆ ಕೊಟ್ಟು, ಕೈಬೆರಳುಗಳ ಎಕ್ಸ್‌ರೇ ನೋಡಿದ ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಮಾತ್ರೆ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸವಿಲ್ಲ. ಆದರೆ ಆರಂಭದಲ್ಲಿ ಕೊರತೆಯಿದ್ದು, ಪ್ರಯೋಗದ ಕೊನೆಗೆ ಆ ಕೊರತೆ ನೀಗಿದವರಲ್ಲಿ ಕೀಲಿನ ಸಂದು ಕಿರಿದಾಗುವುದು ಕಡಿಮೆಯಾಗಿತ್ತು. ಇವತ್ತು ಮನೆಗೆ ಒಯ್ಯಬೇಕಾದ ಮಾತು ಈ ಪ್ರಯೋಗದಲ್ಲಿದೆ ಎಂದು ನನ್ನ ಎಣಿಕೆ. ಇಲ್ಲದವನಿಗೆ ಕೊಟ್ಟರೆ ಉಪಯೋಗ; ಇದ್ದವನಿಗೆ ಮತ್ತೆ ಮತ್ತೆ ಸುರಿದರೆ ವ್ಯರ್ಥ.

ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನಿಂದ 2021ರಲ್ಲಿ ಮತ್ತೊಂದು ಸುಳಿವು ಬಂತು. ವಿಟಮಿನ್ ಕೆ ಕೆಲಸವನ್ನು ತಡೆಯುವ ಅಸಿನೊಕೂಮರಾಲ್ ಎಂಬ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಕೀಲು ಸವೆತ ಶುರುವಾಗುವುದು, ಇದ್ದದ್ದು ಹೆಚ್ಚುವುದು ಸುಮಾರು ಎರಡೂವರೆ ಪಟ್ಟು ಜಾಸ್ತಿ ಇತ್ತು. ಬೇರೆ ಬೇರೆ ದಿಕ್ಕಿನಿಂದ ನೋಡಿದವರೆಲ್ಲ ಒಂದೇ ಕಡೆ ಕೈತೋರುತ್ತಿದ್ದಾರೆ. ರುಜುವಾತು ಪೂರ್ಣವಾಗಿಲ್ಲ, ಆದರೆ ತಳ್ಳಿಹಾಕುವಂತೆಯೂ ಇಲ್ಲ.

ಒಂದು ಎಚ್ಚರಿಕೆ

ಆ ಔಷಧದ ಹೆಸರು ಬಂದದ್ದರಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಒಬ್ಬ ರೈತ, ಹಿಮಗಾಳಿಯನ್ನೂ ಲೆಕ್ಕಿಸದೆ, ಸತ್ತ ಹಸುವನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಬಳಿಗೆ ಬಂದ. ಆ ಮೇವಿನಲ್ಲಿದ್ದ ವಸ್ತುವನ್ನು ಹುಡುಕುತ್ತ ಹೋದ ದಾರಿಯಲ್ಲೇ ಮುಂದೆ ವಾರ್ಫರಿನ್ ಬಂತು. ಮೊದಲು ಇಲಿಪಾಷಾಣವಾಗಿ, ಆಮೇಲೆ ಮನುಷ್ಯರ ಔಷಧವಾಗಿ. ಹೃದಯದ ಕವಾಟ ಬದಲಿಸಿಕೊಂಡವರು ನಮ್ಮಲ್ಲಿ ತೆಗೆದುಕೊಳ್ಳುವ ಅಸಿಟ್ರೋಮ್ ಮಾತ್ರೆಯೂ ಇದೇ ಬಳಗದ್ದು.

ಈ ಮಾತ್ರೆ ನುಂಗುವವರು ಇಂದಿನ ಉಪನ್ಯಾಸ ಕೇಳಿ ನಾಳೆಯಿಂದ ದಿನಕ್ಕೆರಡು ಕಟ್ಟು ಸೊಪ್ಪು ತಿನ್ನತೊಡಗಿದರೆ ಔಷಧದ ಬಲ ಕುಗ್ಗಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸೊಪ್ಪನ್ನು ಪೂರ್ತಿ ಬಿಟ್ಟರೂ ಏರುಪೇರಾಗುತ್ತದೆ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ನೋಡುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬೇಡಿ, ಬದಲಾವಣೆ ಮಾಡುವುದಿದ್ದರೆ ವೈದ್ಯರನ್ನು ಕೇಳಿ ಮಾಡಿ. ಮಂಡಿಗಾಗಿ ಹೃದಯದ ಮಾತ್ರೆಯನ್ನಂತೂ ಯಾರೂ ನಿಲ್ಲಿಸಬಾರದು.

ಒಲೆಯ ಮೇಲೆ

ಇನ್ನು ಅಡುಗೆಮನೆಗೆ ಬರೋಣ. ವಿಟಮಿನ್ ಕೆ ಬಿಸಿಗೆ ಅಷ್ಟು ಬೇಗ ಕೆಡುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಅದು ಕರಗುವುದು ಜಿಡ್ಡಿನಲ್ಲಿ. ಬರೀ ಪಾಲಕ್ ತಿಂದಾಗ ಅದರಲ್ಲಿರುವ ವಿಟಮಿನ್ ಕೆಯಲ್ಲಿ ತೀರ ಸ್ವಲ್ಪ ಮಾತ್ರ ಮೈಗೆ ಹತ್ತುತ್ತದೆ. ಬೆಣ್ಣೆಯ ಜೊತೆ ತಿಂದಾಗ ಸುಮಾರು ಮೂರು ಪಟ್ಟು ಹೆಚ್ಚು ಸೇರುತ್ತದೆ ಎಂದು 1996ರಲ್ಲೇ ಅಳೆದು ತೋರಿಸಿದ್ದಾರೆ. ಎಣ್ಣೆಯಿಲ್ಲದೆ ಬೇಯಿಸಿ, ಹಸಿರು ರಸ ಸೋಸಿ ಗಟಗಟ ಕುಡಿಯುವವರು ಈ ಲೆಕ್ಕ ಗಮನಿಸಬೇಕು.

ಹಳೇ ಮೈಸೂರಿನ ಕಡೆಯ ಬಸ್ಸಾರನ್ನು ನೋಡಿ. ಹೆಸರುಕಾಳೋ ತೊಗರಿಬೇಳೆಯೋ ಅರ್ಧ ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪು ಹಾಕಿ ಬೇಯಿಸುತ್ತಾರೆ. ಬೆಂದದ್ದನ್ನು ಬಸಿದು, ಆ ನೀರಿಗೆ ಕಾಯಿ, ಹುಣಸೆ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು–ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ನೀರಿಗೆ ಬಿಟ್ಟುಕೊಂಡ ಫೋಲೇಟ್ ಮುಂತಾದ ವಿಟಮಿನ್ನುಗಳು ಸಾರಿನ ಮೂಲಕ ಹೊಟ್ಟೆಗೇ ಬರುತ್ತವೆ. ಜಿಡ್ಡಿನಲ್ಲಿ ಕರಗುವವಕ್ಕೆ ಒಗ್ಗರಣೆಯ ಎಣ್ಣೆಯೂ ಕಾಯಿಯ ಜಿಡ್ಡೂ ಸಿಗುತ್ತವೆ. ಕಾಳಿನಿಂದ ಪ್ರೋಟೀನು. ಪಕ್ಕದಲ್ಲಿ 100 ಗ್ರಾಂ ಹಿಟ್ಟಿಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುವ ರಾಗಿಯ ಮುದ್ದೆ. ಬಿಸಿಗೆ ಕೆಟ್ಟುಹೋದ ವಿಟಮಿನ್ ಸಿ ತುಂಬಲು ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಸಾಕು. ಮೃದ್ವಸ್ಥಿಯ ಕೊಲಾಜೆನ್ ಎಂಬ ಪ್ರೋಟೀನಿನ ನಾರು ಗಟ್ಟಿಯಾಗಿ ಹೆಣೆದುಕೊಳ್ಳಲು ಆ ವಿಟಮಿನ್ ಬೇಕೇ ಬೇಕು.

ಪ್ರಾಚೀನರೆಲ್ಲ ಸೊಪ್ಪನ್ನು ಅಮೃತವೆಂದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆಯುರ್ವೇದದ ಗ್ರಂಥಗಳು ಅಷ್ಟು ಸಲೀಸಾಗಿ ಒಪ್ಪಿಕೊಂಡಿಲ್ಲ. ಭಾವಪ್ರಕಾಶದ ಶಾಕವರ್ಗ ಸೊಪ್ಪುಗಳು ಮೂಳೆಗೂ ಕಣ್ಣಿಗೂ ಒಳ್ಳೆಯದಲ್ಲ ಎಂದೇ ಹೇಳುತ್ತದೆ. ಚರಕಸಂಹಿತೆ ಒಂದು ವಿಧಾನ ಹೇಳುತ್ತದೆ: ಬೇಯಿಸಿ, ರಸ ಹಿಂಡಿ ತೆಗೆದು, ಸಾಕಷ್ಟು ಜಿಡ್ಡು ಬೆರೆಸಿ ತಿನ್ನಬೇಕು. ಕಣ್ಣಿನ ವಿಚಾರದಲ್ಲಿ ಭಾವಪ್ರಕಾಶದ ಮಾತನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಚರಕನ ಅಡುಗೆಯ ವಿಧಾನಕ್ಕೆ ಮಾತ್ರ ಇವತ್ತೂ ಅರ್ಥವಿದೆ, ಯಾಕೆಂದರೆ ಹಿಂಡಿ ತೆಗೆದ ನೀರಿನ ಜೊತೆ ಆಕ್ಸಲೇಟ್ ಕೂಡ ಒಂದಷ್ಟು ಹೊರಟುಹೋಗುತ್ತದೆ.

ಎಲ್ಲ ಸೊಪ್ಪೂ ಒಂದೇ ಅಲ್ಲ

ಆಕ್ಸಲೇಟ್ ಎಂದರೆ ಕ್ಯಾಲ್ಸಿಯಮ್ಮನ್ನು ಬಿಗಿಯಾಗಿ ಹಿಡಿದುಕೊಳ್ಳುವ ವಸ್ತು. ಕೆಸುವಿನ ಎಲೆ ಗಂಟಲು ಕೆರೆಯುವುದು ಅದರ ಸೂಜಿಯಂಥ ಹರಳುಗಳಿಂದ. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕುವುದೂ ಅದಕ್ಕೇ. ಪಾಲಕ್, ದಂಟು, ಬಸಳೆಯಲ್ಲೂ ಆಕ್ಸಲೇಟ್ ಹೆಚ್ಚು. ಪಾಲಕ್ಕಿನ ಕ್ಯಾಲ್ಸಿಯಮ್ಮಿನಲ್ಲಿ ದೇಹ ಹೀರಿಕೊಳ್ಳುವುದು ನೂರಕ್ಕೆ 5 ಪಾಲು ಮಾತ್ರ, ಹಾಲಿನದಾದರೆ ನೂರಕ್ಕೆ 27ರಷ್ಟು ಎಂದು 1988ರಲ್ಲಿ ಲೆಕ್ಕ ಹಾಕಿದ್ದಾರೆ. ಆದ್ದರಿಂದ ಮೂಳೆಗೆ ಸುಣ್ಣ ಬೇಕೆಂದು ಪಾಲಕ್ ಒಂದನ್ನೇ ನೆಚ್ಚಿಕೊಳ್ಳುವುದು ದಂಡ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಈ ಸೊಪ್ಪುಗಳ ವಿಚಾರದಲ್ಲಿ ವೈದ್ಯರ ಮಾತು ಕೇಳಬೇಕು. ಬಸಿದ ನೀರನ್ನು ಚೆಲ್ಲುವುದೇ ಅವರಿಗೆ ಲೇಸು.

ಅದಕ್ಕೇ ನಮ್ಮ ಹಳ್ಳಿಗಳ ಬೆರಕೆ ಸೊಪ್ಪಿನ ಪದ್ಧತಿ ನನಗೆ ಮೆಚ್ಚು. ಹೊಲದ ಬದುವಿನ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ ಎಲ್ಲ ಸೇರಿಸಿ ಮಾಡುವ ಮಸ್ಸೊಪ್ಪು; ಬಡಗಣ ಕರ್ನಾಟಕದ ಪುಂಡಿಪಲ್ಲೆ, ರಾಜಗಿರಿ, ಹಕ್ಕರಕಿ; ಕರಾವಳಿಯ ಹರಿವೆ, ಬಸಳೆ, ಒಂದೆಲಗದ ತಂಬುಳಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ, ಒಂದರ ದೋಷ ಹಲವುಗಳಲ್ಲಿ ಹಂಚಿಹೋಗುತ್ತದೆ. ಊರಿನ ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು ಮಾರುಕಟ್ಟೆಗೆ ಬರುವ ಕಾಲವಿದು. ಎಲ್ಲಿಂದ ಬಂತು ಎಂದು ಸೊಪ್ಪಿನಮ್ಮನನ್ನು ಕೇಳಿ ಕೊಳ್ಳಿ, ಬೇರು ಕತ್ತರಿಸಿ ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಗೌಟ್, ರುಮಟಾಯ್ಡ್, ಮತ್ತು ಹಂದಿಗೋಡು

ಗೌಟ್ ಎಂದು ತಿಳಿದ ಕೂಡಲೇ ಮನೆಯವರು ಮೊದಲು ನಿಲ್ಲಿಸುವುದು ಪಾಲಕ್ ಸೊಪ್ಪು ಮತ್ತು ಬೇಳೆ. ಅವುಗಳಲ್ಲಿ ಪ್ಯೂರಿನ್ ಇದೆ, ಪ್ಯೂರಿನ್ನಿನಿಂದ ಯೂರಿಕ್ ಆಮ್ಲ ಆಗುತ್ತದೆ ಎಂಬ ತರ್ಕ. ಕಾಗದದ ಮೇಲೆ ತರ್ಕ ಸರಿ. ಅಮೆರಿಕದ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಮೀನು–ಸಿಗಡಿ ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು ಬಂತು. ಪ್ಯೂರಿನ್ ಇರುವ ತರಕಾರಿ ತಿಂದವರಿಗೆ ಹೆಚ್ಚಲಿಲ್ಲ. ಸೊಪ್ಪನ್ನು ಬಿಟ್ಟು ಮಾಂಸವನ್ನು ಉಳಿಸಿಕೊಂಡವರು ಲೆಕ್ಕ ತಪ್ಪಿದ್ದಾರೆ.

ರುಮಟಾಯ್ಡ್ ವಿಚಾರದಲ್ಲಿ ನನ್ನ ಮಾತು ಇನ್ನೂ ಬಿಗಿ. ತರಕಾರಿ ಹೆಚ್ಚಿರುವ ಊಟದಿಂದ ಕೆಲವರಿಗೆ ನೋವು, ಬಿಗಿತ ಇಳಿದದ್ದುಂಟು. ಆದರೆ ಈ ರೋಗ ಮೊದಲ ವರ್ಷಗಳಲ್ಲೇ ಕೀಲನ್ನು ತಿಂದುಹಾಕಬಲ್ಲದು. ವೈದ್ಯರು ಬರೆದ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಕಪಾಟಿನಲ್ಲಿಟ್ಟು ಸೊಪ್ಪಿನ ರಸ ಕುಡಿಯುತ್ತ ಕಳೆದ ಆರು ತಿಂಗಳು ಮತ್ತೆ ಕೈಗೆ ಸಿಗುವುದಿಲ್ಲ, ಸೊಟ್ಟಗಾದ ಬೆರಳೂ ನೆಟ್ಟಗಾಗುವುದಿಲ್ಲ.

ಕೀಲುರೋಗಕ್ಕೆಲ್ಲ ಊಟವೇ ಕಾರಣವೆಂದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಅಲ್ಲಿಯ ಬಡ ಕೂಲಿ ಕುಟುಂಬಗಳಲ್ಲಿ ಮಕ್ಕಳು, ಹರೆಯದವರು ಸೊಂಟ–ಮಂಡಿ ನೋವಿನಿಂದ ನಡೆಯಲಾಗದೆ ಬಿದ್ದಾಗ, ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರ ಫಲ ಎಂದು ಮೊದಲು ಅನುಮಾನ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ರೋಗ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು, ಅದು ಅನುವಂಶೀಯ ಮೂಳೆ–ಕೀಲಿನ ದೋಷ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಆ ಜನರಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ, ಮಾಸಾಶನ, ಬದುಕಿಗೆ ಆಸರೆ. ಅವರಿಗೆ ಸೊಪ್ಪು ತಿನ್ನಿ ಎಂದು ಉಪದೇಶ ಮಾಡುವುದು ಕ್ರೌರ್ಯವಾಗುತ್ತದೆ.

ತೂಕ ಮತ್ತು ಪುಡಿ

ಮಂಡಿ ಸವೆತದಲ್ಲಿ ಸೊಪ್ಪಿನಿಂದ ಖಚಿತವಾಗಿ ಆಗಬಹುದಾದ ಒಂದು ಉಪಕಾರ ಇದೆ, ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ: ತೂಕ ಇಳಿಸಲು ಸೊಪ್ಪು ನೆರವಾಗುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಒಂದು ಅಧ್ಯಯನ ಅಳೆದಿದೆ. ಫ್ರೇಮಿಂಗ್‌ಹ್ಯಾಮಿನ ಹೆಂಗಸರಲ್ಲಿ ಹತ್ತು ವರ್ಷದಲ್ಲಿ ಐದು ಕಿಲೋದಷ್ಟು ಇಳಿಸಿದವರಿಗೆ ಮಂಡಿ ಸವೆತದ ಅಪಾಯ ಅರ್ಧಕ್ಕರ್ಧ ತಗ್ಗಿತ್ತು. ಅನ್ನದ ಜಾಗದಲ್ಲಿ ಒಂದು ಸೌಟು ಕಡಿಮೆ, ಪಲ್ಯದ ಜಾಗದಲ್ಲಿ ಒಂದು ಸೌಟು ಜಾಸ್ತಿ ಬಡಿಸಿಕೊಳ್ಳುವುದು ಈ ದಾರಿಯ ಮೊದಲ ಹೆಜ್ಜೆ.

ಇದಾವುದಕ್ಕೂ ಡಬ್ಬಿಯಲ್ಲಿ ಬರುವ ಪುಡಿ ಬೇಡ. ಅಮೆರಿಕದ ಲೆಕ್ಕದಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 120, ಹೆಂಗಸಿಗೆ 90 ಮೈಕ್ರೋಗ್ರಾಂ ವಿಟಮಿನ್ ಕೆ ಸಾಕು. 100 ಗ್ರಾಂ ಪಾಲಕ್ಕಿನಲ್ಲಿ ಇರುವುದು ಅದರ ಎಷ್ಟೋ ಪಟ್ಟು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 100 ಗ್ರಾಂ ಸೊಪ್ಪು ತಿನ್ನಲು ಹೇಳಿದೆ. ಸೊಪ್ಪು ಮಾರುವವರ ಕೈಯಿಂದ ಒಂದು ಕಟ್ಟು ತಂದು ಸೋಸಿದರೆ ಮನೆಯ ಒಬ್ಬರಿಬ್ಬರ ಪಾಲು ತೀರುತ್ತದೆ.

ಬಂಧುಗಳೇ, ಮಾತು ಮುಗಿಸುತ್ತೇನೆ. ಕೀಲುನೋವು ಆರು ವಾರ ದಾಟಿದರೆ, ಊತ, ಜ್ವರ, ಬೆಳಗಿನ ಬಿಗಿತ ಇದ್ದರೆ ಮೊದಲು ವೈದ್ಯರ ಬಳಿ ಹೋಗಿ, ಯಾವ ರೋಗವೆಂದು ತಿಳಿದುಕೊಳ್ಳಿ. ರೋಗವಿಲ್ಲದವರು ದಿನಕ್ಕೊಮ್ಮೆ ಯಾವುದಾದರೂ ಸೊಪ್ಪು, ಬಗೆಬಗೆಯಾಗಿ, ಒಗ್ಗರಣೆಯ ಎಣ್ಣೆಯೊಡನೆ ಊಟದಲ್ಲಿ ಸೇರಿಸಿಕೊಳ್ಳಿ. ಇದರ ಫಲ ಮುಂದಿನ ವಾರ ಕಾಣುವುದಿಲ್ಲ, ಹಾಗಾಗಿ ಈ ಅಭ್ಯಾಸ ಶುರುವಾಗಬೇಕಾದದ್ದು ಅರವತ್ತರ ಅಜ್ಜಿಯ ತಟ್ಟೆಯಲ್ಲಲ್ಲ, ಮೂವತ್ತರ ಮಗಳ ತಟ್ಟೆಯಲ್ಲಿ. ಸೊಪ್ಪು ಸೋಸುವ ಕೆಲಸ ಅಜ್ಜಿಯೊಬ್ಬಳದೇ ಆಗದೆ ಮನೆಯ ಗಂಡಸರೂ ಕೂತು ಸೋಸಿದರೆ ಅಭ್ಯಾಸ ಉಳಿಯುತ್ತದೆ.